ಮಕ್ಕಳ ಮನಸ್ಸಿಗೆ ಫೋನಿನಲ್ಲಿ ನೆರವು: ಮೊದಲು ಅವರನ್ನೇ ಕೇಳೋಣ



"ಯಾವಾಗ ನೋಡಿದ್ರೂ ಮೊಬೈಲು!" ಎಂದು ಮಕ್ಕಳನ್ನು ಗದರಿಸದ ತಾಯಿ ನಮ್ಮಲ್ಲಿ ಯಾರಿದ್ದಾರೆ? ಆದರೆ ನಮ್ಮ ಹತ್ತಿರ ಹೇಳಲಾಗದ ದುಃಖವನ್ನು ಮಕ್ಕಳು ಹೇಳಿಕೊಳ್ಳುವುದು ಕೆಲವೊಮ್ಮೆ ಅದೇ ಮೊಬೈಲಿನಲ್ಲಿ. ಹಾಗಾದರೆ ಅದೇ ಮೊಬೈಲಿನ ಮೂಲಕ ಸರಿಯಾದ ನೆರವು ಸಿಗುವಂತೆ ಮಾಡಬಹುದೇ? ಅಂಥ ನೆರವನ್ನು ರೂಪಿಸುವಾಗ ಮಕ್ಕಳ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಇದೇ ಈ ಸಲದ ಪಾಠ.

ವಿಷಯ ಯಾಕೆ ಮುಖ್ಯ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂತು. ಅಂದರೆ ನೂರು ಮಕ್ಕಳಲ್ಲಿ ಸುಮಾರು ಏಳು ಮಂದಿ. ನಮ್ಮೂರ ಹೈಸ್ಕೂಲಿನ ಎರಡು ತರಗತಿಗಳನ್ನು ನೆನೆಸಿಕೊಂಡರೆ ಸಾಕು, ಲೆಕ್ಕ ಅರ್ಥವಾಗುತ್ತದೆ. ಪರೀಕ್ಷೆಯ ಭಯ, ಮನೆಯ ಜಗಳ, ಅಪ್ಪನ ಕುಡಿತ, ಗೆಳೆಯರ ಹಂಗಿಸುವಿಕೆ, ಹೀಗೆ ಕಾರಣಗಳು ಹಲವು. ಆದರೆ "ತಲೆ ಕೆಟ್ಟಿದೆ ಅಂತಾರೆ" ಎಂಬ ಹೆದರಿಕೆಯಿಂದ ಬಾಯಿ ಬಿಡುವವರು ಕಡಿಮೆ.

ಕೇಳದೆ ಕೊಟ್ಟ ನೆರವು

ನಮ್ಮ ಸಂಘದ ವಿಚಾರವನ್ನೇ ನೋಡಿ. ವಾರದ ಸಭೆ ಯಾವ ದಿನ, ಉಳಿತಾಯ ಎಷ್ಟು, ತಡವಾಗಿ ಬಂದವರಿಗೆ ದಂಡ ಎಷ್ಟು ಎಂದು ತೀರ್ಮಾನಿಸಿದವರು ನಾವೇ. ಅದಕ್ಕೇ ಸಂಘ ನಡೆಯುತ್ತಿದೆ. ಹೆಂಗಸರನ್ನು ಒಂದು ಮಾತೂ ಕೇಳದೆ ಊರ ಹೊರಗೆ ಕಟ್ಟಿದ ಶೌಚಾಲಯ ಏನಾಗುತ್ತದೆ? ಬೀಗ ಬೀಳುತ್ತದೆ. ಮಕ್ಕಳ ನೆರವಿನದೂ ಇದೇ ಕತೆ. ದೊಡ್ಡವರು ಉಪದೇಶ ತುಂಬಿಸಿ ಒಂದು ಆ್ಯಪ್ ಮಾಡಿದರೆ ಮಕ್ಕಳು ಒಂದು ಸಲ ತೆರೆದು ಮುಚ್ಚುತ್ತಾರೆ.

ಗೋವಾದ ಒಂದು ಉದಾಹರಣೆ

ಸಂಗಾತ್ ಎಂಬ ಸಂಸ್ಥೆ 1996ರಲ್ಲಿ ಗೋವಾದಲ್ಲಿ ಆರಂಭವಾಯಿತು. 2017ರಲ್ಲಿ ಯುವಜನರು ತಮ್ಮ ಮನಸ್ಸಿನ ಕಷ್ಟವನ್ನು ಬರಹ, ಕವಿತೆ, ವಿಡಿಯೋಗಳ ಮೂಲಕ ಹೇಳಿಕೊಳ್ಳುವ 'ಇಟ್ಸ್ ಓಕೆ ಟು ಟಾಕ್' ಎಂಬ ವೇದಿಕೆ ಮಾಡಿತು. 'ಮಾತಾಡಿದರೆ ತಪ್ಪಿಲ್ಲ' ಎಂದು ಅದರ ಅರ್ಥ.

ನಂತರ ಅದೇ ಸಂಸ್ಥೆಯವರು ಗೋವಾ ಮತ್ತು ದೆಹಲಿಯ ಶಾಲಾ ಮಕ್ಕಳಿಗಾಗಿ 'ಪಾಡ್ ಅಡ್ವೆಂಚರ್ಸ್' ಎಂಬ ಮೊಬೈಲ್ ಆಟ ರೂಪಿಸಿದರು. ಮೊದಲು ಮಕ್ಕಳನ್ನು ಗುಂಪುಗಳಲ್ಲಿ ಕೂರಿಸಿ ಮಾತಾಡಿಸಿದರು. ಮಾದರಿ ಮಾಡಿ ಅವರ ಕೈಗೇ ಕೊಟ್ಟರು, ಅವರ ಅಭಿಪ್ರಾಯದಂತೆ ತಿದ್ದಿದರು. ಹೀಗಾಗಿ ಅದರಲ್ಲಿ ಉಪದೇಶದ ಬದಲು ಅವರ ವಯಸ್ಸಿನವರದೇ ಕತೆಗಳು ಬಂದವು. ಎಲ್ಲ ಮಕ್ಕಳ ಬಳಿ ಸ್ವಂತ ಫೋನು ಇರುವುದಿಲ್ಲ. ಹಾಗಾಗಿ ಶಾಲೆಯಲ್ಲಿಯೇ, ಸಲಹೆಗಾರರ ಜೊತೆಯಲ್ಲಿ ಆಡುವಂತೆ ಮಾಡಿದರು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಇಂಟರ್‌ನೆಟ್ ಮೂಲಕ ತಲುಪಿಸಿ, ಸಲಹೆಗಾರರು ಫೋನಿನಲ್ಲಿ ಮಾತಾಡಿದರು. ಯಂತ್ರ ಒಂದೇ ಸಾಲದು, ಕೇಳುವ ಒಂದು ಕಿವಿಯೂ ಬೇಕು.

ಮೂರು ಮೆಟ್ಟಿಲು

ಆ ಆಟ ಕಲಿಸುವುದು ಮೂರು ಮೆಟ್ಟಿಲನ್ನು: ಸಮಸ್ಯೆ, ದಾರಿಗಳು, ಮಾಡಿ ನೋಡುವುದು. ನಮ್ಮ ಮನೆಗೂ ಇದು ಆಗುತ್ತದೆ.

1. ಸಮಸ್ಯೆ: "ರಾತ್ರಿ ಅಪ್ಪ ಗಲಾಟೆ ಮಾಡ್ತಾರೆ, ಓದೋಕೇ ಆಗಲ್ಲ" ಎನ್ನುತ್ತಾಳೆ ಮಗಳು. "ನನ್ನ ಹಣೆಬರಹವೇ ಸರಿಯಿಲ್ಲ" ಎನ್ನುವುದಕ್ಕಿಂತ ಇದು ಸ್ಪಷ್ಟ. ಸ್ಪಷ್ಟವಾಗಿ ಹೇಳಿದ ಸಮಸ್ಯೆಗೆ ದಾರಿ ಹುಡುಕಬಹುದು.

2. ದಾರಿಗಳು: ಪಕ್ಕದ ಮನೆಯಲ್ಲಿ ಓದುವುದು, ಬೆಳಗಿನ ಜಾವ ಏಳುವುದು, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಲ್ಲೇ ಕೂರುವುದು, ಟೀಚರಿಗೆ ತಿಳಿಸುವುದು. ಎಲ್ಲವನ್ನೂ ಬರೆಯಲಿ. ಆರಿಸುವುದು ಅವಳು, ನಾವಲ್ಲ.

3. ಮಾಡಿ ನೋಡುವುದು: ಒಂದು ವಾರ ಪ್ರಯತ್ನಿಸಲಿ. ಆಗದಿದ್ದರೆ ಬೇರೆ ದಾರಿ.

ಅಪ್ಪನ ಕುಡಿತ ಇದರಿಂದ ನಿಲ್ಲುವುದಿಲ್ಲ, ನಿಜ. ಅದು ದೊಡ್ಡವರ ಕೆಲಸ, ಅದನ್ನು ಮಗುವಿನ ಹೆಗಲಿಗೆ ಹಾಕಬಾರದು. ಆದರೆ 'ನನ್ನ ಕೈಲೂ ಏನೋ ಆಗುತ್ತೆ' ಎಂಬ ಧೈರ್ಯ ಬರುತ್ತದೆ.

ನಮ್ಮ ರಾಜ್ಯದಲ್ಲಿ

2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರ್ಕಾರ 'ಟೆಲಿ ಮಾನಸ್' ಸೇವೆ ಆರಂಭಿಸಿತು. ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್. ನಂಬರು 14416. ಹಗಲೂ ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಸಲಹೆಗಾರರು ಮಾತಾಡುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ಜೋಡಿಸುತ್ತಾರೆ. 2024ರಲ್ಲಿ ಇದರ ಆ್ಯಪ್ ಕೂಡ ಬಂತು. ಆದರೆ ನಂಬರು ಇದ್ದರೆ ಸಾಲದು. ಮಕ್ಕಳು ಅದನ್ನು ಒತ್ತಬೇಕು. ಯಾವ ಮಾತು ಹೇಳಿದರೆ ಒತ್ತುತ್ತಾರೆ ಎಂಬುದು ಮಕ್ಕಳಿಗೇ ಗೊತ್ತು.

ನಮ್ಮ ಸಂಘ ಏನು ಮಾಡಬಹುದು?

* ಸದಸ್ಯೆಯರ ಮನೆಯ 14ರಿಂದ 20 ವರ್ಷದ ಆರೇಳು ಮಕ್ಕಳನ್ನು ಒಂದು ಸಭೆಗೆ ಕರೆಯಿರಿ. ಫೋನು ಇರುವವರನ್ನು ಮಾತ್ರವಲ್ಲ, ಶಾಲೆ ಬಿಟ್ಟವರನ್ನೂ, ಮಾತು ಕಡಿಮೆ ಇರುವವರನ್ನೂ ಕರೆಯಿರಿ. ಹುಡುಗಿಯರಿಗೆ ಬೇರೆ ಕುಳಿತು ಮಾತಾಡಲು ಅವಕಾಶ ಕೊಡಿ.

* "ಬೇಜಾರಾದಾಗ ಯಾರ ಹತ್ತಿರ ಹೇಳ್ತೀರಿ? ಫೋನಿನಲ್ಲಿ ಎಂಥ ಸಹಾಯ ಇದ್ದರೆ ಒಳ್ಳೇದು?" ಎಂದು ಕೇಳಿ. ಆಮೇಲೆ ನಾವು ಸುಮ್ಮನಿರಬೇಕು. ಕಷ್ಟದ ಕೆಲಸ ಅದೇ!

* 14416ರ ಬಗ್ಗೆ ಒಂದು ನಿಮಿಷದ ಧ್ವನಿ ಸಂದೇಶವನ್ನು ಊರ ಕನ್ನಡದಲ್ಲಿ ಅವರೇ ತಯಾರಿಸಲಿ. ನಾಲ್ಕು ಮಂದಿಗೆ ಕೇಳಿಸಿ, ತಿದ್ದಿ, ಆಮೇಲೆ ವಾಟ್ಸಾಪಿನಲ್ಲಿ ಕಳಿಸಲಿ.

* ಅವರ ಸಲಹೆಗಳಲ್ಲಿ ಯಾವುದನ್ನು ಒಪ್ಪಿದೆವು, ಯಾವುದು ಆಗಲಿಲ್ಲ, ಯಾಕೆ ಎಂದು ಅವರಿಗೆ ತಿಳಿಸಿ. ಇಲ್ಲದಿದ್ದರೆ ಮುಂದಿನ ಸಲ ಬರುವುದಿಲ್ಲ.

ನೆನಪಿಡಿ

ಯಾವ ಮಗುವಿನ ಹೆಸರು, ಕತೆ, ಫೋಟೋ ಗುಂಪಿಗೆ ಹಾಕಬಾರದು. ಸಭೆಯಲ್ಲಿ ಕೇಳಿದ್ದು ನಲ್ಲಿಕಟ್ಟೆಗೆ ಹೋಗಬಾರದು. ಮಕ್ಕಳು ಸಲಹೆ ಕೊಡಲಿ, ಆದರೆ ಇನ್ನೊಬ್ಬರ ದುಃಖದ ಭಾರ ಹೊರುವ ಕೆಲಸ ಅವರಿಗೆ ಬೇಡ. "ಬದುಕೋದೇ ಬೇಡ" ಎಂದು ಯಾರಾದರೂ ಅಂದರೆ ಅದನ್ನು ಗುಟ್ಟಾಗಿಡಬೇಡಿ, ಬೈಯಲೂ ಬೇಡಿ. ಒಂಟಿಯಾಗಿ ಬಿಡದೆ ಜೊತೆಯಲ್ಲಿ ಕೂತು 14416ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಕ್ರಿಮಿನಾಶಕವನ್ನು ಕೈಗೆ ಸಿಗದಂತೆ ಬೀಗ ಹಾಕಿಡಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಮಕ್ಕಳು ಬೇಸರವನ್ನು ನಮ್ಮ ಹತ್ತಿರ ಹೇಳುತ್ತಾರೆಯೇ? ಇಲ್ಲವಾದರೆ ಯಾಕೆ?

2. ಮಗಳಿಗೆ ಫೋನು ಕೊಡದೆ ಮಗನಿಗೆ ಮಾತ್ರ ಕೊಟ್ಟರೆ, ಫೋನಿನಲ್ಲಿ ಬರುವ ನೆರವು ಯಾರಿಗೆ ತಲುಪುತ್ತದೆ?

3. ಮಕ್ಕಳ ಜೊತೆಗಿನ ಸಭೆ ಯಾವ ದಿನ? ಯಾರ ಮನೆಯಲ್ಲಿ?

ಮೂರನೆಯ ಪ್ರಶ್ನೆಯ ಉತ್ತರವನ್ನು ಇಂದೇ ನಡವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿ.