ಅಧ್ಯಯನ ಪಾಠ: ಕ್ಷೇತ್ರಕಾರ್ಯದಲ್ಲಿ ಸ್ತ್ರೀ-ಪುರುಷ ಭೇದ ಮತ್ತು ಗ್ರಾಮ ಪಂಚಾಯಿತಿಯ ಪಾತ್ರ

ಜನರ ನಡುವೆ ಇದ್ದು, ಅವರ ಬದುಕನ್ನು ಹತ್ತಿರದಿಂದ ಕಂಡು, ಅವರ ಮಾತುಗಳಲ್ಲಿಯೇ ದಾಖಲಿಸುವ ಅಧ್ಯಯನಕ್ಕೆ ಗುಣಾತ್ಮಕ ಕ್ಷೇತ್ರಕಾರ್ಯವೆಂದು ಹೆಸರು. ಇದರಲ್ಲಿ ಏನನ್ನು ಕೇಳಲಾಯಿತು ಎಂಬುದರಷ್ಟೇ, ಕೇಳಿದವರು ಯಾರು ಎಂಬುದೂ ಮುಖ್ಯ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಆ ಊರಿಗೆ ‘ರಾಂಪುರ’ವೆಂಬ ಬದಲಿ ಹೆಸರನ್ನಿಟ್ಟು, 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಗ್ರಂಥವನ್ನು ಪ್ರಕಟಿಸಿದರು. ಅವರ ವಾಸ ಊರ ಪಟೇಲರ ಎತ್ತಿನ ಮನೆಯಲ್ಲಿ. ಒಡನಾಟ ಹೆಚ್ಚಾಗಿ ಗಂಡಸರೊಡನೆ. ತಮ್ಮದು ಮೇಲ್ಜಾತಿಯ ಪುರುಷನ ನೋಟವೆಂಬ ಮಿತಿಯನ್ನು ಅವರೇ ಒಪ್ಪಿಕೊಂಡಿದ್ದಾರೆ.

ಈ ಮಿತಿ ನಮ್ಮ ಊರುಗಳಿಗೂ ಅನ್ವಯಿಸುತ್ತದೆ. ಉಜ್ಜಿನಿಯ ಶ್ರೀ ಮರುಳಸಿದ್ಧೇಶ್ವರ ಸ್ವಾಮಿಯ ಶಿಖರ ತೈಲಾಭಿಷೇಕದ ಬಗ್ಗೆ ಪುರುಷ ಅಧ್ಯಯನಕಾರರು ಕಟ್ಟೆಯ ಮೇಲೆ ಕುಳಿತು ವಿಚಾರಿಸಿದರೆ ತೇರು, ಸೇವೆ, ಪದ್ಧತಿಗಳ ವಿವರ ದೊರೆಯಬಹುದು. ಬಂಧುಗಳು ತುಂಬಿದ ಮನೆಗಳಲ್ಲಿ ನೀರು, ಅಡುಗೆ, ಶೌಚದ ಹೊರೆಯನ್ನು ಹೊತ್ತವರ ಮಾತು ಅಲ್ಲಿ ಕೇಳಿಬರುವುದಿಲ್ಲ. ಅಂತೆಯೇ ಮಹಿಳಾ ಅಧ್ಯಯನಕಾರರಿಗೆ ಅಡುಗೆಮನೆಯ ಬಾಗಿಲು ತೆರೆದರೂ ಕಟ್ಟೆಯ ಮಾತು ದಕ್ಕದಿರಬಹುದು.

ಕೆಲವೆಡೆ ಈ ಅಂತರದ ಪರಿಣಾಮ ಗಂಭೀರವಾದುದು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 1982ರಲ್ಲಿ ರಚನೆಯಾಯಿತು. 1993-94 ಹಾಗೂ 2007-08ರಲ್ಲಿ ರಾಜ್ಯದಲ್ಲಿ ಸಮೀಕ್ಷೆಗಳು ನಡೆದವು. ಇಂತಹ ಸಮೀಕ್ಷೆಯಲ್ಲಿ ಅಪರಿಚಿತ ಪುರುಷನ ಎದುರು, ಊರ ಹಿರಿಯರ ಸಮ್ಮುಖದಲ್ಲಿ ತನ್ನ ಸ್ಥಿತಿಯನ್ನು ಹೇಳಲಾರದೆ ಮೌನ ವಹಿಸಿದ ಮಹಿಳೆಯ ಹೆಸರು ಪಟ್ಟಿಯಿಂದ ತಪ್ಪಬಹುದು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮಾಸಾಶನ, ಪುನರ್ವಸತಿಗಳೂ ದೊರೆಯುವುದು ಕಷ್ಟ.

ಆದುದರಿಂದ ಅಧ್ಯಯನ ತಂಡವು ಊರಿಗೆ ಬಂದಾಗ ಸದಸ್ಯರು ಈ ಅಂಶಗಳನ್ನು ಗಮನಿಸುವುದು ಉಚಿತ:

1. ತಂಡದಲ್ಲಿ ಮಹಿಳೆಯರೂ ಪುರುಷರೂ ಇರುವರೇ ಎಂದು ಮೊದಲೇ ವಿಚಾರಿಸುವುದು.

2. ಮಹಿಳೆಯರ ಮಾತನ್ನು ಅವರಿಂದಲೇ, ಅವರಿಗೆ ಬಿಡುವಿರುವ ವೇಳೆಯಲ್ಲಿ, ಅವರು ಒಪ್ಪಿದ ಸ್ಥಳದಲ್ಲಿ ಕೇಳುವಂತೆ ತಿಳಿಸುವುದು. ಪತಿಯ ಉತ್ತರ ಪತ್ನಿಯ ಉತ್ತರವಾಗದು.

3. ಪರಿಚಯ ಮಾಡಿಕೊಟ್ಟ ಬಳಿಕ ಸದಸ್ಯರು ಅಲ್ಲಿಂದ ದೂರ ಸರಿಯುವುದು. ಯಾರು ಏನು ಹೇಳಿದರೆಂದು ತರುವಾಯ ವಿಚಾರಿಸಬಾರದು.

4. ಉತ್ತರಿಸಲು ನಿರಾಕರಿಸುವ ಹಕ್ಕು ಪ್ರತಿಯೊಬ್ಬರಿಗೂ ಉಂಟೆಂದು ತಿಳಿಸುವುದು.

5. ಮಹಿಳಾ ಅಧ್ಯಯನಕಾರರ ವಸತಿ ಹಾಗೂ ಸುರಕ್ಷತೆಗೆ ನೆರವಾಗುವುದು. ಆದರೆ ಕಾವಲಿನ ನೆಪದಲ್ಲಿ ಮಾತುಕತೆಯ ನಡುವೆ ಕೂರದಿರುವುದು.

ಪಂಚಾಯಿತಿಯ ಯೋಜನೆಗಳು ಇಂತಹ ವರದಿಗಳನ್ನು ಆಧರಿಸುವುದುಂಟು. ಊರಿನ ಅರ್ಧದಷ್ಟು ಜನರ ಮಾತು ವರದಿಯಲ್ಲಿ ಇಲ್ಲವಾದರೆ, ಯೋಜನೆಯಲ್ಲಿಯೂ ಅವರ ಅಗತ್ಯ ಕಾಣದೆ ಹೋಗುತ್ತದೆ.