ಅಂತರಜಾಲದ ಪ್ರವಾಹಗಣನೆ

ಅಂತರಜಾಲದಲ್ಲಿ ಯಾವ ಸಂದೇಶವೂ ಇಡಿಯಾಗಿ ಸಾಗುವುದಿಲ್ಲ. ಪ್ಯಾಕೆಟ್ಟುಗಳೆಂಬ ಸಣ್ಣ ಸಣ್ಣ ತುಂಡುಗಳಾಗಿ ಹೊರಡುತ್ತದೆಂಬುದನ್ನು ವಾಚಕರು ಬಲ್ಲರು. ದಾರಿಗಳು ಕೂಡುವೆಡೆಯಲ್ಲಿದ್ದುಕೊಂಡು ಒಂದೊಂದು ಪ್ಯಾಕೆಟ್ಟನ್ನೂ ತಕ್ಕ ದಿಕ್ಕಿಗೆ ಕಳುಹಿಸುವ ಯಂತ್ರವೇ ರೂಟರ್. ಸಹಸ್ರಾರು ಜನರ ಪ್ಯಾಕೆಟ್ಟುಗಳು ಅಲ್ಲಿಗೆ ಬೆರೆತು ಬರುವುವು. ಹಾಗಿದ್ದಲ್ಲಿ, ಇವಿಷ್ಟೂ ಒಂದೇ ಸಂಭಾಷಣೆಗೆ ಸೇರಿದವೆಂದು ಅದು ತಿಳಿಯುವುದು ಹೇಗೆ?

ಅಂಚೆಯವರು ಲಕೋಟೆಯನ್ನು ಒಡೆಯದೆ, ಮೇಲ್ವಿಳಾಸವನ್ನಷ್ಟೇ ನೋಡಿ ಕಾಗದಗಳನ್ನು ವಿಂಗಡಿಸುತ್ತಾರಷ್ಟೆ. ರೂಟರಿನ ಕ್ರಮವೂ ಅಂಥದೇ. ಪ್ಯಾಕೆಟ್ಟಿನ ಶಿರೋಭಾಗದಲ್ಲಿ ಐದು ಗುರುತುಗಳು ಮುಖ್ಯವಾದವು: ಕಳುಹಿಸಿದ ಯಂತ್ರದ ವಿಳಾಸ, ಪಡೆಯುವ ಯಂತ್ರದ ವಿಳಾಸ, ಎರಡು ಕಡೆಯ ಪೋರ್ಟ್ ಸಂಖ್ಯೆಗಳು ಮತ್ತು ಪ್ರೋಟೋಕಾಲಿನ ಸಂಖ್ಯೆ. ಟಿ.ಸಿ.ಪಿ.ಗೆ ಈ ಸಂಖ್ಯೆ 6, ಯು.ಡಿ.ಪಿ.ಗೆ 17. ಈ ಐದೂ ಒಂದೇ ಆಗಿರುವ ಪ್ಯಾಕೆಟ್ಟುಗಳ ಸಾಲಿಗೆ ‘ಪ್ರವಾಹ’ವೆಂದು ಹೆಸರು. ಮರಳಿ ಬರುವ ಉತ್ತರದಲ್ಲಿ ವಿಳಾಸಗಳು ಅದಲುಬದಲಾಗುವುದರಿಂದ ಅದು ಬೇರೆಯೇ ಪ್ರವಾಹವೆನಿಸುವುದು.

ಇಂಥ ಪ್ರವಾಹಗಳ ಲೆಕ್ಕವಿಡುವ ನೆಟ್‌ಫ್ಲೋ ಎಂಬ ವಿಧಾನವನ್ನು ಸಿಸ್ಕೊ ಸಂಸ್ಥೆಯು 1996ರ ಸುಮಾರಿಗೆ ಬಳಕೆಗೆ ತಂದಿತು. ಅದೇ ವಂಶಕ್ಕೆ ಸೇರಿದ ಐಪಿಫಿಕ್ಸ್ 2013ರಲ್ಲಿ ಅಂತರಜಾಲದ ಪ್ರಮಾಣವಾಗಿ ಅಂಗೀಕೃತವಾಯಿತು. ರೂಟರ್ ತನ್ನ ಸ್ಮೃತಿಯಲ್ಲಿ ಒಂದು ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಹೊಸ ಗುರುತುಗಳ ಪ್ಯಾಕೆಟ್ಟು ಬಂದರೆ ಹೊಸದೊಂದು ಸಾಲನ್ನು ತೆರೆಯುತ್ತದೆ. ಹಳೆಯ ಗುರುತುಗಳೇ ಆದರೆ ಆ ಸಾಲಿನಲ್ಲಿ ಪ್ಯಾಕೆಟ್ಟುಗಳ ಮತ್ತು ಬೈಟುಗಳ ಸಂಖ್ಯೆಯನ್ನು ಏರಿಸುತ್ತದೆ. ಮುಕ್ತಾಯದ ಸಂಕೇತ ಬಂದಾಗ, ಇಲ್ಲವೆ ನಿಗದಿಯಾದ ಕಾಲ, ಉದಾಹರಣೆಗೆ 15 ಸೆಕೆಂಡು, ಏನೂ ಬಾರದಿದ್ದಾಗ ಸಾಲನ್ನು ಮುಚ್ಚಿ, ಲೆಕ್ಕವನ್ನು ಸಂಗ್ರಾಹಕ ಗಣಕಕ್ಕೆ ಕಳುಹಿಸುತ್ತದೆ. ಒಳಗಿನ ಸಂದೇಶವು ಗೂಢಲಿಪಿಯಲ್ಲಿದ್ದರೂ ಯಾರು, ಯಾರಿಗೆ, ಎಂದು, ಎಷ್ಟು ಕಳುಹಿಸಿದರೆಂಬುದು ಹೀಗೆ ದಾಖಲಾಗುವುದು.

ಆದರೆ ದಟ್ಟಣೆಯ ಹೆದ್ದಾರಿಗಳಲ್ಲಿ ಪ್ರತಿಯೊಂದು ಪ್ಯಾಕೆಟ್ಟನ್ನೂ ಎಣಿಸುವುದು ರೂಟರಿಗೆ ದೊಡ್ಡ ಹೊರೆ. ಆದುದರಿಂದ ಸಾವಿರಕ್ಕೊಂದರಂತೆ ಆರಿಸಿ ಎಣಿಸುವುದುಂಟು. ಒಂದು ಪ್ರವಾಹದಲ್ಲಿ 100 ಮಾದರಿಗಳು ದೊರೆತವೆನ್ನೋಣ. ಒಟ್ಟು ಸುಮಾರು 1,00,000 ಪ್ಯಾಕೆಟ್ಟುಗಳು ಹೋಗಿರಬೇಕೆಂದು ನಾವು ಅಂದಾಜು ಮಾಡುತ್ತೇವೆ. ವಿಕಿರಣ ಕಣಗಳ ಎಣಿಕೆಯಲ್ಲಿರುವಂತೆ ಇಲ್ಲಿಯೂ ಅನಿಶ್ಚಿತತೆಯು ಎಣಿಕೆಯ ವರ್ಗಮೂಲದಷ್ಟು. ಎಂದರೆ 100ಕ್ಕೆ 10, ಶೇಕಡ 10. ಮಾದರಿಗಳು 10,000 ಆದರೆ ಅದು ಶೇಕಡ 1ಕ್ಕೆ ಇಳಿಯುವುದು.

ಹತ್ತೇ ಪ್ಯಾಕೆಟ್ಟುಗಳ ಪ್ರವಾಹವಾದರೋ, ನೂರರಲ್ಲಿ 99 ಸಲ ಕಣ್ಣಿಗೇ ಬೀಳದು. ಆನೆ ಸಿಕ್ಕೀತು, ಇರುವೆ ನುಸುಳೀತು! ಒಂದು ಗಣಕವನ್ನು ಪ್ಯಾಕೆಟ್ಟುಗಳ ಮಹಾಪೂರದಲ್ಲಿ ಮುಳುಗಿಸುವ ದಾಳಿ ಮಾದರಿಯಲ್ಲಿ ಕಂಡುಬರುತ್ತದೆ. ನಾಲ್ಕೇ ಪ್ಯಾಕೆಟ್ಟುಗಳಿಂದ ಬಾಗಿಲನ್ನು ತಟ್ಟಿ ನೋಡುವ ಕಳ್ಳ ಮಾತ್ರ ತಪ್ಪಿಸಿಕೊಂಡಾನು. ದಾರಿಯ ಅಗಲವನ್ನು ನಿರ್ಧರಿಸಲು ಮಾದರಿ ಸಾಕು. ಕಳ್ಳನನ್ನು ಹಿಡಿಯಲು ಪೂರ್ಣ ಎಣಿಕೆಯೇ ಬೇಕು. ಪಟ್ಟಿಯಲ್ಲಿ ಇಲ್ಲದ್ದು ನಡೆದೇ ಇಲ್ಲವೆಂದು ತೀರ್ಮಾನಿಸಲಾಗದು.

500 ಪ್ಯಾಕೆಟ್ಟುಗಳ ಪ್ರವಾಹವು ಹೀಗೆ ತಪ್ಪಿಸಿಕೊಳ್ಳುವ ಸಂಭವವೆಷ್ಟು? 0.999ರ 500ನೆಯ ಘಾತವನ್ನು ವಿದ್ಯಾರ್ಥಿಗಳು ತಾವೇ ಗಣಿಸಿ ನೋಡಲಿ. ಉತ್ತರವು ಅರ್ಧಕ್ಕಿಂತ ಹೆಚ್ಚೆಂಬುದನ್ನು ಕಂಡು ಅವರಿಗೆ ಆಶ್ಚರ್ಯವಾಗದಿರದು.