ಹಳೆಯ ಐಷಾರಾಮಿ ಕಾರಿನ ವಿಲೇವಾರಿ: ಮೊದಲು ಗೇರ್‌ಬಾಕ್ಸ್ ತಪಾಸಣೆ

ಲೆಕ್ಕಪುಸ್ತಕದಲ್ಲಿ ಸವಕಳಿ ಕಳೆದು ಅತ್ಯಲ್ಪ ಮೌಲ್ಯಕ್ಕಿಳಿದ ಹಳೆಯ ಐಷಾರಾಮಿ ಕಾರನ್ನು ಮಾರುವಾಗ ಉದ್ಯಮಿಗಳು ಸಾಮಾನ್ಯವಾಗಿ ಬಣ್ಣ, ಟೈರು, ಆಸನಗಳ ಕಡೆಗೆ ಗಮನ ಹರಿಸುವರು. ಆದರೆ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸ್. ‘ಗೇರ್‌ಬಾಕ್ಸ್ ಹೋಗಿದೆ’ ಎಂಬ ಒಂದೇ ಮಾತಿನಿಂದ ಕೊಳ್ಳುವವನು ಬೆಲೆಯನ್ನು ಗುಜರಿಯ ಮಟ್ಟಕ್ಕೆ ತರಬಲ್ಲನು. ಆ ಮಾತು ನಿಜವೇ ಎಂಬುದು ಮಾರುವವನಿಗೆ ಮೊದಲೇ ತಿಳಿದಿರಬೇಕು.

ಮರ್ಸಿಡಿಸ್-ಬೆಂಜ್‌ನ 722.6 ಎಂಬ ಐದು ಗೇರುಗಳ ಪೆಟ್ಟಿಗೆಯನ್ನೇ ಉದಾಹರಣೆಗೆ ನೋಡಬಹುದು. 1990ರ ದಶಕದ ಮಧ್ಯಭಾಗದಲ್ಲಿ ಬಂದ ಇದು ಹಳೆಯ ಇ-ಕ್ಲಾಸ್ ಕಾರುಗಳಲ್ಲಿ ವ್ಯಾಪಕವಾಗಿದೆ. ಕಾರು ಎರಡನೆಯ ಗೇರಿನಲ್ಲೇ ಉಳಿದು ವೇಗ ಹಿಡಿಯದಿರುವುದು, ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಸರಿಹೋಗುವುದು ಇದರಲ್ಲಿ ಕಂಡುಬರುವ ಪ್ರಸಿದ್ಧ ತೊಂದರೆ. ಇದು ‘ಲಿಂಪ್ ಮೋಡ್’ ಎಂಬ ರಕ್ಷಣಾ ಸ್ಥಿತಿ. ಒಳಗಿನ ಚಕ್ರಗಳು ಸವೆದಿವೆ ಎಂಬುದಕ್ಕೆ ಇದೊಂದೇ ಸಾಕ್ಷಿಯಲ್ಲ. ವೇಗವನ್ನು ಅಳೆಯುವ ಸೆನ್ಸರುಗಳಿರುವ ಕಂಡಕ್ಟರ್ ಪ್ಲೇಟ್ ಕೆಟ್ಟಿರಬಹುದು. ಅಥವಾ ವಿದ್ಯುತ್ ಕನೆಕ್ಟರಿನ ರಬ್ಬರ್ ರಿಂಗುಗಳು ಗಡುಸಾಗಿ ಸೋರಿದ ಎಣ್ಣೆಯು ವೈರುಗಳೊಳಗೆ ಹರಿದು ನಿಯಂತ್ರಣ ಘಟಕವನ್ನೇ ತಲುಪಿರಬಹುದು. ಇಡೀ ಪೆಟ್ಟಿಗೆಯ ಪುನರ್ನಿರ್ಮಾಣಕ್ಕೆ ಹೋಲಿಸಿದರೆ ಇವುಗಳ ವೆಚ್ಚ ತೀರ ಕಡಿಮೆ. ಮಾರಾಟಕ್ಕೆ ಮೊದಲೇ ಇವನ್ನು ಸರಿಪಡಿಸುವುದು ಲಾಭಕರ.

ಇನ್ನು ಯಾಂತ್ರಿಕ ದೋಷಗಳು. ಕಾರನ್ನು ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು. ‘ಡಿ’ ಅಥವಾ ‘ಆರ್’ ಹಾಕಿದ ಬಳಿಕ ಗೇರು ಹಿಡಿಯಲು ತಡವಾದರೆ ಮೊದಲು ಎಣ್ಣೆಯ ಮಟ್ಟವನ್ನು ನೋಡಬೇಕು. ಈ ಪೆಟ್ಟಿಗೆಗೆ ಮಾಮೂಲಿನ ಅಳತೆಕಡ್ಡಿಯಿಲ್ಲ. ಕಾರ್ಯಾಗಾರದ ವಿಶೇಷ ಕಡ್ಡಿಯಿಂದ, ಎಣ್ಣೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ಇರುವಾಗ ಅಳೆಯಬೇಕು. ಗೇರು ಬದಲಾಗುವಾಗ ಎಂಜಿನ್ ವೇಗ ಏಕಾಏಕಿ ಏರಿದರೆ ಕ್ಲಚ್ಚುಗಳು ಜಾರುತ್ತಿರಬಹುದು. ಸಮವೇಗದಲ್ಲಿ ಸಾಗುವಾಗ ನಡುಕ ಕಂಡರೆ ಟಾರ್ಕ್ ಕನ್ವರ್ಟರಿನ ಮೇಲೆ ಸಂಶಯಪಡಬೇಕು. ತಳದ ತಟ್ಟೆಯ ಅಯಸ್ಕಾಂತಕ್ಕೆ ನುಣ್ಣನೆಯ ಬೂದುಪುಡಿ ಅಂಟಿದ್ದರೆ ಸಹಜ; ಲೋಹದ ಚೂರುಗಳಿದ್ದರೆ ಅಪಾಯ. ಎಣ್ಣೆಯು ಹಾಲು ಬೆರೆಸಿದಂತಿದ್ದರೆ ರೇಡಿಯೇಟರಿನ ತಂಪುದ್ರವ ಒಳಹೊಕ್ಕಿದೆ ಎಂದರ್ಥ. ಕ್ಲಚ್ಚುಗಳಿಗೆ ಇದಕ್ಕಿಂತ ಕೆಟ್ಟದ್ದು ಬೇರೆಯಿಲ್ಲ. ಇಂತಹ ದೋಷಗಳಿದ್ದಲ್ಲಿ ದೊಡ್ಡ ದುರಸ್ತಿಗೆ ಕೈಹಾಕದೆ, ದೋಷವನ್ನು ತಿಳಿಸಿ ಬೆಲೆ ಇಳಿಸಿ ಮಾರುವುದೇ ಲೇಸೆಂದು ನಮ್ಮ ಅಭಿಪ್ರಾಯ. ಇಷ್ಟು ಹಳೆಯ ಕಾರಿನಲ್ಲಿ ಆ ಖರ್ಚು ಬೆಲೆಯ ರೂಪದಲ್ಲಿ ಹಿಂದಿರುಗುವುದು ವಿರಳ.

ಮಾರುವ ಮುನ್ನಾದಿನ ಸ್ಕ್ಯಾನರಿನಿಂದ ದೋಷಸಂಕೇತಗಳನ್ನು ಅಳಿಸಿಹಾಕುವ ‘ಜಾಣತನ’ ಕೆಲವು ಗ್ಯಾರೇಜುಗಳಲ್ಲಿದೆ. ದೋಷ ಉಳಿದಿದ್ದರೆ ಸಂಕೇತ ಮತ್ತೆ ಬಂದೇ ಬರುತ್ತದೆ. ಅದಕ್ಕಿಂತ ಗಂಭೀರವಾದುದು ಕಾನೂನಿನ ವಿಷಯ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣದಂತೆ ಕೇವಲ ಮೌನವು ಸಾಮಾನ್ಯವಾಗಿ ವಂಚನೆಯಲ್ಲ. ಆದರೆ ಮೋಸಗೊಳಿಸುವ ಉದ್ದೇಶದಿಂದ, ತಿಳಿದ ಸಂಗತಿಯನ್ನು ಸಕ್ರಿಯವಾಗಿ ಮರೆಮಾಚುವುದು ವಂಚನೆ. ಅಂತಹ ಕರಾರನ್ನು ಕೊಂಡವನು ರದ್ದುಪಡಿಸಬಹುದು. ಆದಕಾರಣ ಸಂಕೇತಗಳನ್ನು ಅಳಿಸದೆ ಮುದ್ರಿಸಿ, ದಿನಾಂಕ ಹಾಗೂ ಓಡಿದ ಕಿಲೋಮೀಟರುಗಳನ್ನು ನಮೂದಿಸಿ, ಕೊಳ್ಳುವವರ ಸಹಿ ಪಡೆದು, ಒಂದು ಪ್ರತಿಯನ್ನು ಮಾರಾಟಪತ್ರದೊಡನೆ ಕಡತದಲ್ಲಿ ಇಡತಕ್ಕದ್ದು.